ಜೋಡಿ ಯಾರೂ ಬ್ಯಾಡ

ಕಾಯ್ದೆ ಬಿಗಿಯಾಗುವ ಮುಂಚಿನ ಮಾತು. ತಿಕೋಟಾ-ಬಬಲೇಶ್ವರದ ಕಡೆಯ ಎರೆಹೊಲಗಳಲ್ಲಿ ನಮ್ಮಜ್ಜ ಮೊಲದ ಬೇಟೆಗೆ ಹೋಗುತ್ತಿದ್ದ. ಊರ ಮಂದಿ ಮುಧೋಳ ನಾಯಿ ಕಟ್ಟಿಕೊಂಡು ಗುಂಪಾಗಿ ಹೊರಟರೆ ಇವನು ಒಬ್ಬನೇ. ಯಾಕಜ್ಜಾ ಅಂತ ಕೇಳಿದ್ದೆ.

"ಜೋಳ ಕೊಯ್ದ ಹೊಲದಾಗ ಒಣಾ ಕೂಳಿ ಚರಚರ ಅಂತದ. ಮಂದಿ ಹೆಚ್ಚಾದ್ರ ಕುಂತ ಮೊಲಕ್ಕ ಲಗೂ ಗೊತ್ತಾಗತದ."

ಅದು ಅರ್ಧ ಉತ್ತರ. ಉಳಿದದ್ದನ್ನು ಕೊನೆಗಾಲದಲ್ಲಿ, ವಿಜಯಪುರದ ನಮ್ಮ ಮನೆಯಲ್ಲಿ ಮಲಗಿದ್ದಾಗ ಹೇಳಿದ. ಒಮ್ಮೆ ಹತ್ತು ಮಾರು ದೂರದಲ್ಲಿ ಮೊಲ, ಕಿವಿ ಬೆನ್ನಿಗೆ ಹಚ್ಚಿ ಕೂತಿತ್ತಂತೆ. ಎತ್ತಿದ ಬಂದೂಕು ಇಳಿಸಿದನಂತೆ.

"ಮನಸ್ಸು ಬರಲಿಲ್ಲ. ಜೋಡಿ ಯಾರರೆ ಇದ್ದಿದ್ರ ಹೊಡೀಬೇಕಾಗತಿತ್ತು ನೋಡು ತಮ್ಮಾ. ನಗತಾರಲ್ಲ, ಅದಕ್ಕ."

ಈಗ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮೊಲ ಹೊಡೆಯುವುದೂ ಅಪರಾಧ. ಅಜ್ಜನೂ ಇಲ್ಲ, ಬಂದೂಕೂ ಇಲ್ಲ.

ಹೋದ ತಿಂಗಳು ಮೀಟಿಂಗಿನಲ್ಲಿ, ಟೀಮಿನ ಹೊಸ ಹುಡುಗನನ್ನು ಕೆಲಸದಿಂದ ತೆಗೆಯುವ ಮಾತು ಬಂತು. ಎಲ್ಲರೂ ಹೂಂ ಅಂದರು. ನಾನೂ ಹೂಂ ಅಂದೆ.

ಮನಸ್ಸಿರಲಿಲ್ಲ. ಆದರೆ ಸುತ್ತ ಏಳು ಮಂದಿ ಕೂತಿದ್ದರು.