ಜೋಕರನ ಜೊತೆ ಒಂದು ಬಶಿ ಚಹಾ

1998ರಲ್ಲಿ ಝೀ ಟಿವಿಯಲ್ಲಿ ‘ವೋ’ ಎಂಬ ಹಿಂದಿ ಧಾರಾವಾಹಿ ಬರುತ್ತಿತ್ತು. ಅಮೆರಿಕದ ಸ್ಟೀಫನ್ ಕಿಂಗ್ 1986ರಲ್ಲಿ ಪ್ರಕಟಿಸಿದ ‘ಇಟ್’ ಕಾದಂಬರಿಯ ದೇಶೀ ರೂಪ ಅದು. ಮಕ್ಕಳನ್ನು ಕಾಡುವ ಜೋಕರ್ ದೆವ್ವದ ಪಾತ್ರ ಲಿಲಿಪುಟ್ ಎಂಬ ಕುಳ್ಳ ನಟನದು. ಬಣ್ಣ ಬಳಿದ ಮುಖ, ಒಂದು ನಗೆ. ಹೆದರಿಸಲು ಅಷ್ಟೇ ಬಂಡವಾಳ ಸಾಕಾಗಿತ್ತು.

ಆಗ ನಾನು ಬೈಲಹೊಂಗಲದಲ್ಲಿ ಐದನೇ ಇಯತ್ತೆ. ಕೇಬಲ್ ಇದ್ದ ಪಕ್ಕದ ಮನೆಯಲ್ಲಿ ಕದ್ದು ನೋಡಿ ಬಂದೆ. ಆ ರಾತ್ರಿ ಹಿತ್ತಲಿಗೆ ಹೋಗಲು ಅವ್ವ ಕಂದೀಲು ಹಿಡಿದು ಬರಬೇಕಾಯಿತು. ಸೋಜಿಗವೆಂದರೆ, ‘ಸಂಗ್ಯಾ ಬಾಳ್ಯಾ’ ಸಣ್ಣಾಟ ನಮ್ಮೂರಿನ ಕಥೆಯೇ. ಅದರಲ್ಲಿ ಕೊಲೆಯೇ ಆಗುತ್ತದೆ. ಅದನ್ನು ನೋಡಿ ಬಂದು ಮಾತ್ರ ಸುಖವಾಗಿ ಮಲಗುತ್ತಿದ್ದೆ. ಸಂಗ್ಯಾನ ವೇಷ ಹಾಕಿದವನೇ ಮುಂಜಾನೆ ನಮ್ಮ ಓಣಿಗೆ ಹಾಲು ಹಾಕಲು ಬರುತ್ತಿದ್ದನಲ್ಲ!

ಮುಂದಿನ ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದೆವು. ಜಾತ್ರೆಯ ಆಟದ ಡೇರೆಯೊಂದರ ಮುಂದೆ ಮುಖಕ್ಕೆ ಬಿಳಿ ಬಣ್ಣ ಬಳಿದ ಕುಳ್ಳ ಮನುಷ್ಯನೊಬ್ಬ ಗಂಟೆ ಬಾರಿಸುತ್ತಿದ್ದ. ನಾನು ಚೀರಿದೆ. ಕೈಗೆ ಸಿಕ್ಕ ಕಲ್ಲನ್ನು ಬೀಸಿಯೂ ಬಿಟ್ಟೆ. ಅವನ ಹಣೆಯ ಬಿಳಿ ಬಣ್ಣದ ಮೇಲೆ ಕೆಂಪು ಗೆರೆ ಇಳಿಯಿತು.

ಅಪ್ಪ ಹೊಡೆಯಲಿಲ್ಲ. ರಟ್ಟೆ ಹಿಡಿದು ಅವನ ಬಳಿಗೇ ಕರೆದೊಯ್ದರು. ಚಹಾದಂಗಡಿಯ ಬಾಕಿನ ಮೇಲೆ ಮೂವರೂ ಕುಳಿತೆವು. ಅಪ್ಪ ಕರವಸ್ತ್ರ ತೋಯಿಸಿ ಕೊಟ್ಟರು. ಆತ ಒರೆಸಿಕೊಂಡಂತೆ ಬಣ್ಣದಡಿಯಿಂದ ನಮ್ಮ ಸೋದರಮಾವನಂಥದೇ ಮುಖವೊಂದು ಹೊರಬಂತು.

“ಟಿವ್ಯಾಗ ಏನೋ ನೋಡಿ ಅಂಜ್ಯಾನ್ರಿ. ನೀವು ಸಿಟ್ಟಾಗಬ್ಯಾಡ್ರಿ,” ಎಂದರು ಅಪ್ಪ.

“ಇರ್ಲಿ ಬಿಡ್ರಿ ಸಾವ್ಕಾರ್ರ. ಮೊದಲ ಹುಡುಗ್ರು ನನ್ನ ನೋಡಿ ನಗತಿದ್ವು. ಈಗೀಗ ಅಳತಾವ. ಊರಾಗ ನನಗೂ ಇಷ್ಟ ಮಗಾ ಅದಾನ್ರಿ,” ಎಂದ ಆತ. ತನ್ನ ಚಹಾವನ್ನು ಬಶಿಗೆ ಸುರಿದು, ಊದಿ ಆರಿಸಿ, ಮೊದಲು ನನಗೇ ಕೊಟ್ಟ.

ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಮಾತು ಇಂದಿಗೂ ಗಂಟಲಲ್ಲೇ ಇದೆ.

2017ರಲ್ಲಿ ಅದೇ ‘ಇಟ್’ ದೊಡ್ಡ ಪರದೆಯ ಸಿನಿಮಾ ಆಯಿತು. ಅದರ ತುಣುಕನ್ನು ಮೊಬೈಲಿನಲ್ಲಿ ನೋಡಿದ್ದ ಮಗಳು, ಕಿತ್ತೂರು ಉತ್ಸವದಲ್ಲಿ ಜೋಕರ್ ವೇಷ ಹಾಕಿ ಬಲೂನು ಮಾರುವವನನ್ನು ಕಂಡು ನನ್ನ ಬೆನ್ನ ಹಿಂದೆ ಅಡಗಿದಳು. “ಅಂಜಬ್ಯಾಡ” ಎಂದು ನಾನು ಹೇಳಲಿಲ್ಲ. ಅಂಜಿಕೆಗೆ ಉಪದೇಶ ನಾಟುವುದಿಲ್ಲ. ಅವಳ ಕೈ ಹಿಡಿದು ಹತ್ತಿರ ಹೋಗಿ ಕೇಳಿದೆ:

“ಕಾಕಾ, ಯಾವೂರ್ರಿ ನಿಮ್ಮದು?”

“ರಾಮದುರ್ಗರಿ.”

ಮಗಳು ಮೆಲ್ಲಗೆ ಇಣುಕಿದಳು. “ನಮ್ಮ ಆಯಿ ಊರು!” ಎಂದಳು.