ತುಕ್ಕು ಕಳೆಯುವ ಸುಖ

ವಿಜಯಪುರದ ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು ೧೫೪೯ರಲ್ಲಿ ಅಹಮದನಗರದಲ್ಲಿ ಎರಕಗೊಂಡುದು. ತಾಮ್ರ ತವರಗಳು ಬೆರೆತ ಲೋಹವಾದುದರಿಂದ, ಶತಮಾನಗಳ ಮಳೆಬಿಸಿಲಿಗೆ ಮೈಯೊಡ್ಡಿಯೂ ಅದು ಕೆಂಪು ತುಕ್ಕನ್ನು ಅರಿಯದು. ಕಬ್ಬಿಣಕ್ಕೆ ಆ ಭಾಗ್ಯವಿಲ್ಲ. ಆದಕಾರಣವೇ ಅದು ಮನುಷ್ಯನ ಕೈಯ ಆರೈಕೆಯನ್ನು ಬೇಡುತ್ತದೆ. ಆ ಆರೈಕೆಯಲ್ಲಿ ನಾನು ಕಂಡ ಸುಖ ಅಲ್ಪವಾದುದಲ್ಲ.

ಬಬಲೇಶ್ವರದ ಕಡೆಯ ಎರೆಹೊಲಗಳಲ್ಲಿ ದುಡಿದು ಮೂಲೆ ಸೇರಿದ ಕೂರಿಗೆಯ ಕುಡವನ್ನೋ, ಎತ್ತಿನ ಬಂಡಿಯ ಕೀಲನ್ನೋ ಮುಂದಿಟ್ಟುಕೊಂಡು, ತಂತಿಯ ಬ್ರಶ್ಶಿನಿಂದ ಉಜ್ಜಿ, ಪಾಲಿಶ್ ಕಾಗದದಿಂದ ತಿಕ್ಕಿ, ಕಡೆಗೆ ಎಣ್ಣೆಬಟ್ಟೆಯಿಂದ ಒರಸುತ್ತಿರುವಾಗ, ಎಂದೋ ಕಮ್ಮಾರನು ಬಡಿದ ಸುತ್ತಿಗೆಯ ಗುರುತುಗಳು ಒಂದೊಂದಾಗಿ ಬೆಳಕಿಗೆ ಬರುತ್ತವೆ. ಕಾಣದ ಕುಶಲಿಯೊಬ್ಬನೊಡನೆ ನಡೆಯುವ ಈ ಮೌನಸಂಭಾಷಣೆಗೆ ಅವಸರ ಸಲ್ಲದು.

ಆದರೆ ತಿಕೋಟಾದ ದ್ರಾಕ್ಷಿತೋಟಗಳಿಗೆ ಹೋದರೆ ಕಬ್ಬಿಣದ ಪ್ರಮಾಣವೇ ಬೇರೆ. ಚಪ್ಪರದ ಆ್ಯಂಗಲ್‌ಗಳು, ಒಣದ್ರಾಕ್ಷಿ ಶೆಡ್ಡಿನ ಅಂತಸ್ತುಗಳು, ಔಷಧಿ ಹೊಡೆಯುವ ಯಂತ್ರದ ಚೌಕಟ್ಟು, ಇವುಗಳಲ್ಲಿ ಹಲವಕ್ಕೆ ತಾಗುವ ಮೈಲುತುತ್ತದ ದ್ರಾವಣ ಕಬ್ಬಿಣವನ್ನು ತಿನ್ನುತ್ತದೆ; ಇಲ್ಲಿ ಬ್ರಶ್ಶು ಸೋಲುತ್ತದೆ. ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ ೧೮೭೦ರಲ್ಲಿ ಪೇಟೆಂಟು ಪಡೆದ ಸ್ಯಾಂಡ್‌ಬ್ಲಾಸ್ಟಿಂಗ್, ಎಂದರೆ ಒತ್ತಡದ ಗಾಳಿಯೊಡನೆ ಕಣಗಳನ್ನು ಎರಚಿ ತುಕ್ಕನ್ನು ಕೀಳುವ ವಿದ್ಯೆ, ಇಲ್ಲಿ ನೆನಪಾಗುತ್ತದೆ. ಕಣ ಎರಚುವ ಗನ್ನು ಅಗ್ಗವಾಗಿ ಸಿಗುತ್ತದೆ. ತಾನೇ ಮಾಡಿದರಾಯಿತೆಂಬ ಆಸೆ ಹುಟ್ಟುವುದು ಸಹಜ.

ಮೊದಲ ತೊಡಕು ಗಾಳಿಯದು. ಕಾಲಂಗುಲದ ಮೂತಿಗೆ, ಚದರಂಗುಲಕ್ಕೆ ೧೦೦ ಪೌಂಡು ಒತ್ತಡದಲ್ಲಿ, ನಿಮಿಷಕ್ಕೆ ಸುಮಾರು ೮೦ ಘನ ಅಡಿ ಗಾಳಿ ಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಅದನ್ನು ಪೂರೈಸಲಾರದು. ಎರಡನೆಯದು ಲೋಹದ್ದು: ತೆಳು ತಗಡು ಏಟಿಗೆ ಸೊಟ್ಟಗಾಗುತ್ತದೆ; ಬೆತ್ತಲಾದ ಕಬ್ಬಿಣಕ್ಕೆ ಅಂದೇ ಪ್ರೈಮರ್ ಬಳಿಯದಿದ್ದರೆ ತುಕ್ಕು ಮರಳುತ್ತದೆ. ಮೂರನೆಯದು ಉಸಿರಿನದು, ಉಳಿದೆರಡೂ ಇದರ ಮುಂದೆ ಗೌಣ. ಹೊಳೆಯ ಮರಳು ಕಬ್ಬಿಣಕ್ಕೆ ತಾಗಿ ಒಡೆದಾಗ ಏಳುವ ಸಿಲಿಕಾ ಧೂಳಿನ ಅತಿಸೂಕ್ಷ್ಮ ಕಣಗಳು ಮೂಗಿಗೆ ಕಟ್ಟಿದ ವಸ್ತ್ರವನ್ನು ದಾಟಿ ಶ್ವಾಸಕೋಶದಲ್ಲಿ ನೆಲೆಸುತ್ತವೆ. ಅದರಿಂದ ಬರುವ ಸಿಲಿಕೋಸಿಸ್ ರೋಗವನ್ನು ಗುಣಪಡಿಸುವ ಮದ್ದಿಲ್ಲ. ನಮ್ಮ ೧೯೪೮ರ ಕಾರ್ಖಾನೆ ಕಾಯಿದೆಯೇ ಅದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿರಿಸಿತ್ತು.

ಇದೇ ಕೆಲಸದ ಕಸುಬುದಾರನ ಬಳಿಯಾದರೆ ದೊಡ್ಡ ಕಂಪ್ರೆಸರ್ ಇರುತ್ತದೆ. ಮುಚ್ಚಿದ ಕೋಣೆ, ಮರಳಿಗೆ ಬದಲಾಗಿ ಗಾರ್ನೆಟ್ ಅಥವಾ ಉಕ್ಕಿನ ಕಣ, ಹೊರಗಿನ ಶುದ್ಧವಾಯುವನ್ನು ಒದಗಿಸುವ ಶಿರಸ್ತ್ರಾಣ, ಇವಿಷ್ಟೂ ಇರಬೇಕು. ಇರಬೇಕೆಂದೆನೇ ಹೊರತು ಇದ್ದೇ ಇರುತ್ತವೆಂದು ಹೇಳಲಿಲ್ಲ. ಹಣ ಕೊಟ್ಟ ಮಾತ್ರಕ್ಕೆ ನಮ್ಮ ಅಪಾಯವನ್ನು ಮತ್ತೊಬ್ಬನ ಎದೆಗೆ ವರ್ಗಾಯಿಸುವ ಅಧಿಕಾರ ನಮಗೆ ಬರುವುದಿಲ್ಲ.

ಆದುದರಿಂದ ನನ್ನ ನಿರ್ಣಯ ಇದು: ಕೈಯಲ್ಲಿ ಹಿಡಿಯಬಹುದಾದುದನ್ನು ಬ್ರಶ್ಶು ಹಿಡಿದು ನಾವೇ ಉಜ್ಜೋಣ, ಆ ಸುಖವನ್ನು ಯಾರಿಗೂ ಬಿಟ್ಟುಕೊಡಬೇಕಾದುದಿಲ್ಲ. ಶೆಡ್ಡು, ಚೌಕಟ್ಟುಗಳಂತಹವನ್ನು ಬಲ್ಲವರಿಗೆ ಒಪ್ಪಿಸೋಣ. ಒಪ್ಪಿಸುವಾಗ, ಓದುಗರೇ, ದರವನ್ನು ಕೇಳುವುದಕ್ಕೆ ಮೊದಲು, ಎರಚುವ ಕಣ ಯಾವುದು, ಎರಚುವವನು ತಲೆಗೆ ಏನು ಧರಿಸುತ್ತಾನೆ ಎಂಬೆರಡನ್ನು ಕೇಳಿರಿ. ಉತ್ತರ ಸಮರ್ಪಕವಾಗಿಲ್ಲದಿದ್ದರೆ ಕೆಲಸವನ್ನು ಅಲ್ಲಿ ಕೊಡಬೇಡಿರಿ.