ಚೀಟಿ ಇಲ್ಲ, ಸೂಜಿ ಇಲ್ಲ

ಸವಣೂರು ಬಸ್ ನಿಲ್ದಾಣ, ಬೆಳಗಿನ ಏಳೂವರೆ. ಹುಬ್ಬಳ್ಳಿ ಬಸ್ಸಿನ ಕಿಟಕಿ ಪಕ್ಕ ಕೂತು ಸೆರಗನ್ನು ತಲೆ ಮೇಲೆ ಎಳೆದುಕೊಂಡಿದ್ದೀರಿ. ಚಳಿಗಲ್ಲ, ಗುರುತಿನವರು ಯಾರಾದರೂ ಕಂಡಾರೆಂದು. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಟ್ಟು ಮುಂದೆ ಹೋದ. ಪಕ್ಕದಲ್ಲಿ ಕೂತಾಕೆ ಕೇಳುತ್ತಾಳೆ: "ಹುಬ್ಬಳ್ಳ್ಯಾಗ ಏನ್ ಕೆಲಸ ರೀ ಅಕ್ಕಾರ?"

"ಹಲ್ಲು ತೋರಿಸಬೇಕಾಗಿತ್ತು ರೀ."

ಅತ್ತೆಗೂ ಅದನ್ನೇ ಹೇಳಿ ಬಂದಿದ್ದೀರಿ. ಗಂಡನಿಗೊಬ್ಬನಿಗೆ ನಿಜ ಗೊತ್ತು.

ಐದು ತಿಂಗಳಾಯಿತು. ಸಂತೆಯಲ್ಲಿ ಉಳ್ಳಾಗಡ್ಡಿ ಆರಿಸುತ್ತಿದ್ದಾಗ ಇದ್ದಕ್ಕಿದ್ದಂತೆ ಎದೆ ಡವಡವ ಶುರುವಾಯಿತು. ಬೆರಳು ಜುಮುಜುಮು, ಬಾಯಿ ಒಣಗಿತು, ಇನ್ನು ನನ್ನ ಕತೆ ಮುಗಿಯಿತು ಅನ್ನಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ನೋಡಿದರು, ಸರಿಯಿತ್ತು. ವಾರದೊಳಗೆ ಮತ್ತೆ ಬಂತು. ಶಿಶುನಾಳದ ಗದ್ದುಗೆಗೆ ಹೋಗಿ ಬಂದಿರಿ, ತಾಯತ ಕಟ್ಟಿಸಿಕೊಂಡಿರಿ. ಹಿರೇಕೆರೂರಿಗೆ ಕೊಟ್ಟ ಅಕ್ಕ ಫೋನಿನಲ್ಲಿ, "ಮನಸಿಗೆ ಹಚ್ಚಿಕೋಬ್ಯಾಡವಾ ತಂಗಿ, ಧೈರ್ಯ ತಗೋ" ಅಂದಳು. ಅವಳ ಮಾತಿನಲ್ಲಿ ಪ್ರೀತಿಯಿತ್ತು. ಆದರೂ ರಾತ್ರಿ ಮೂರಕ್ಕೆ ಎಚ್ಚರವಾಗುವುದು ನಿಲ್ಲಲಿಲ್ಲ. ಕೊನೆಗೆ ಆಸ್ಪತ್ರೆಯ ಡಾಕ್ಟರೇ ಹೇಳಿದ್ದು: "ಹೃದಯ ಚೊಲೋ ಐತಿ. ಒಮ್ಮೆ ಮನಃಶಾಸ್ತ್ರಜ್ಞರನ್ನ ಕಾಣ್ರಿ."

ಶಿಗ್ಗಾವಿ ದಾಟಿದ ಬಸ್ಸು ಹೆದ್ದಾರಿಯಲ್ಲಿ ಓಡುತ್ತಿದೆ. ತಡಸ ಕ್ರಾಸ್ ಹೋಯಿತು, ವರೂರು ಬಂತು. ನಿಮ್ಮ ತಲೆಯಲ್ಲಿ ಮಾತ್ರ ಒಂದೇ ಮಾತು ಸುತ್ತುತ್ತಿದೆ: "ಇವನ್ನ ಧಾರವಾಡಕ್ಕ ಕಳಿಸಬೇಕು." ಚಿಕ್ಕಂದಿನಿಂದ ಕೇಳಿದ ಬೈಗುಳ. ಧಾರವಾಡದಲ್ಲಿ 1845ರಲ್ಲಿ ಶುರುವಾದ ಹುಚ್ಚಾಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆ. ಹೆಸರು, ಕಟ್ಟಡ, ಚಿಕಿತ್ಸೆ ಎಲ್ಲ ಬದಲಾದವು. ಬೈಗುಳ ಮಾತ್ರ ಹಾಗೇ ಉಳಿಯಿತು. ಹಾನಗಲ್ಲಿನವರೂ ಹಿರೇಕೆರೂರಿನವರೂ ಯಾರ ಕಣ್ಣಿಗೂ ಬೀಳದ ಹಾಗೆ ದೂರದ ಪ್ಯಾಟಿಗೆ ಹೋಗುವುದು ಈ ಒಂದು ಮಾತಿಗೆ ಹೆದರಿ. ತಪ್ಪು ಹೋಗುವವರದಲ್ಲ.

ಹುಬ್ಬಳ್ಳಿಯಲ್ಲಿ ಮಹಡಿ ಮೇಲೆ ಮನಃಶಾಸ್ತ್ರಜ್ಞರ ಸಣ್ಣ ಕೋಣೆ. ಹೊರಗೆ ಚಪ್ಪಲಿ ಬಿಡುತ್ತೀರಿ. ಫೀ ಎಷ್ಟೆಂದು ಫೋನಿನಲ್ಲೇ ಕೇಳಿಕೊಂಡಿದ್ದಿರಿ. ಅರ್ಧ ಕ್ವಿಂಟಲ್ ಗೋವಿನಜೋಳದ ದುಡ್ಡು. ಪರ್ಸಿನಲ್ಲಿ ಬೇರೆಯೇ ಮಡಚಿ ಇಟ್ಟಿದ್ದೀರಿ. ಒಳಗೆ ಸ್ಟೆತಸ್ಕೋಪ್ ಇಲ್ಲ, ಮಂಚವಿಲ್ಲ. ಎರಡು ಕುರ್ಚಿ, ಒಂದು ಗಡಿಯಾರ, ನೀರಿನ ತಂಬಿಗೆ.

"ಬರ್ರಿ, ಕುಂದರ್ರಿ. ನೀರು ಕುಡೀತೀರೇನು?" ನಿಮಗಿಂತ ಎಂಟು ಹತ್ತು ವರ್ಷ ದೊಡ್ಡವರಿದ್ದಾರು ಆ ಮೇಡಮ್.

ಗೋಡೆಯ ಮೇಲಿನ ಚೌಕಟ್ಟಿನಲ್ಲಿ ಅವರ ಎಂ.ಫಿಲ್. ಪದವಿಪತ್ರ, ಕೆಳಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ. ಅದನ್ನು ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು. ಬೋರ್ಡಿನಲ್ಲಿ 'ಕೌನ್ಸೆಲಿಂಗ್' ಎಂದು ಬರೆಸಿಕೊಂಡವರೆಲ್ಲ ಈ ಓದು ಓದಿದವರಲ್ಲ. ಮೇಡಮ್ ತಾವೇ ಹೇಳುತ್ತಾರೆ: "ನಾ ಗುಳಿಗಿ ಬರಿಯೂದಿಲ್ರಿ. ಗುಳಿಗಿ ಬೇಕನಿಸಿದ್ರ ಮನೋವೈದ್ಯರ ಕಡೆ ಕಳಿಸ್ತೀನಿ. ಇಲ್ಲಿ ಆಡಿದ ಮಾತು ಈ ಬಾಗಿಲು ದಾಟೂದಿಲ್ಲ. ಆದ್ರ ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಐತಿ ಅನಿಸಿದ್ರ ಸುಮ್ನ ಕೂಡಾಕ ಬರೂದಿಲ್ಲ. ಮೊದಲ ಹೇಳಿಬಿಡ್ತೀನಿ." ಬಾಯಿಮಾತಿನ ಭರವಸೆಯಷ್ಟೇ ಅಲ್ಲ ಇದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಈ ಗುಟ್ಟನ್ನು ಕಾಯುತ್ತದೆ.

ಒಂದು ಹಾಳೆ ಕೊಡುತ್ತಾರೆ. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಗಾಬರಿಯಾಯಿತು, ಎಷ್ಟು ದಿನ ಚಿಂತೆ ಹತೋಟಿಗೆ ಬರಲಿಲ್ಲ, ಇಂಥ ಏಳು ಪ್ರಶ್ನೆ. ಆಮೇಲೆ ಮಾತು. ನಿದ್ದೆ, ಊಟ, ತಿಂಗಳ ಮುಟ್ಟು, ಚಹಾ ದಿನಕ್ಕೆ ಎಷ್ಟು ಸಲ, ಮನೆಯಲ್ಲಿ ಯಾರ್‍ಯಾರು, ಸಾಲ ಇದೆಯೇ, ಥೈರಾಯ್ಡ್ ಪರೀಕ್ಷೆ ಆಗಿದೆಯೇ. (ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೆ ಬಡಿಯುತ್ತದೆ, ಕೇಳದೆ ಬಿಡುವವರನ್ನು ನಂಬಬೇಡಿ.) ಮಣಿಕಟ್ಟಿನ ತಾಯತ ಅವರ ಕಣ್ಣಿಗೆ ಬೀಳುತ್ತದೆ. ನಗುವುದಿಲ್ಲ, ಬಿಚ್ಚು ಅನ್ನುವುದಿಲ್ಲ. "ಕಟ್ಟಿಸಿಕೊಂಡ ಮ್ಯಾಲ ಒಂದಿಷ್ಟು ಹಗುರ ಆತೇನು?" ಎಂದಷ್ಟೇ ಕೇಳುತ್ತಾರೆ. ಆತು ರೀ, ಎರಡು ದಿನ.

ಅಪ್ಪನ ಬಗ್ಗೆ ಹೇಳಬೇಕೆಂದು ನೀವು ಬಂದಿರಲಿಲ್ಲ. ಹೋದ ವರ್ಷ ಹೊಲದಲ್ಲಿ ಎದೆನೋವೆಂದು ಕುಸಿದವರು ಆಸ್ಪತ್ರೆ ಮುಟ್ಟಲಿಲ್ಲ. ಹೇಳುತ್ತ ಹೇಳುತ್ತ ಗಂಟಲು ಕಟ್ಟುತ್ತದೆ. ಮೇಡಮ್ "ಅಳಬ್ಯಾಡ್ರಿ" ಅನ್ನುವುದಿಲ್ಲ. ಕಾಯುತ್ತಾರೆ. ಗಡಿಯಾರದ ಸದ್ದು ಕೇಳುತ್ತದೆ. ಯಾರೂ ಅವಸರ ಮಾಡದೆ ನಿಮ್ಮ ಅಳುವನ್ನು ಅದರ ಪಾಡಿಗೆ ಮುಗಿಯಲು ಬಿಟ್ಟದ್ದು ಈ ವರ್ಷದಲ್ಲಿ ಇದೇ ಮೊದಲು.

ಆಮೇಲೆ ಆ ಪ್ರಶ್ನೆ. ದನಿ ಏರಿಸದೆ, ಸುತ್ತಿ ಬಳಸದೆ: "ಸಾಯಬೇಕು ಅಂತ ಎಂದರ ಅನಿಸಿತ್ತೇನು?"

ಯಾರೂ ಕೇಳಿರಲಿಲ್ಲ. "ಒಮ್ಮೆ" ಅನ್ನುತ್ತೀರಿ. ಯಾವಾಗ, ಈಗಲೂ ಅನ್ನಿಸುತ್ತದೆಯೇ, ಆಗ ತಡೆದದ್ದು ಏನು ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಾರೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದೀತೆಂದು ನಮ್ಮ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಎದೆಯೊಳಗೆ ಒಬ್ಬಂಟಿಯಾಗಿ ಹೊತ್ತದ್ದನ್ನು ಇಳಿಸಲು ಒಂದು ಜಾಗ ಸಿಗುತ್ತದೆ. ರೈತರ ಆತ್ಮಹತ್ಯೆಗೆ ಇಷ್ಟು ಮನೆಗಳು ಅತ್ತ ಹಾವೇರಿ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಪ್ರತಿ ಮನೆಯಲ್ಲಿ ಯಾರಾದರೂ ಒಬ್ಬರು ಹೊತ್ತಿಗೆ ಸರಿಯಾಗಿ ಕೇಳಿದ್ದರೆ ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ.

ಗಾಬರಿ ಯಾಕೆ ಬರುತ್ತದೆಂದು ಮೇಡಮ್ ಬಿಡಿಸಿ ಹೇಳುತ್ತಾರೆ: "ಹೊಲ ಕಾಯಾಕ ಅಟ್ಟಣಿಗಿ ಮ್ಯಾಲ ಒಬ್ಬಾಂವ ಕುಂತಾನ ಅಂತ ತಿಳೀರಿ. ಹಂದಿ ಬಂದ್ರ ಕೂಗಬೇಕಾದಾಂವ, ಗಾಳಿಗೆ ಎಲಿ ಅಲುಗಿದ್ರೂ ಕೂಗಾಕತ್ತಾನ. ಅಪ್ಪಾರು ಹೋದಾಗಿಂದ ಅಂವ ಬೆದರ್‍ಯಾನ. ಅಂವನ್ನ ಓಡಿಸೂದು ಬ್ಯಾಡ. ಯಾವುದು ಹಂದಿ, ಯಾವುದು ಗಾಳಿ ಅಂತ ಕಲಿಸೋಣು." ಉಸಿರು ಜೋರಾಗಿ ಎಳೆದಷ್ಟೂ ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮುಗುಡುತ್ತದೆ ಎಂದು ತಿಳಿಸಿ, ಉಸಿರು ಬಿಡುವುದನ್ನು ಉದ್ದ ಮಾಡಲು ನಿಮ್ಮ ಜೊತೆಗೇ ಕೂತು ಕಲಿಸುತ್ತಾರೆ. ಐದು ಸಲ.

ಐವತ್ತು ನಿಮಿಷ ಮುಗಿಯಿತು. ಚೀಟಿ ಇಲ್ಲ, ಸೂಜಿ ಇಲ್ಲ. ವಾರಕ್ಕೊಮ್ಮೆಯಂತೆ ಎಂಟು ಹತ್ತು ಸಲ ಬರಬೇಕಾದೀತು, ಮೂರು ಸಲ ಬಂದ ಮೇಲೂ ನನ್ನ ಜೊತೆ ಹೊಂದದಿದ್ದರೆ ಸಂಕೋಚವಿಲ್ಲದೆ ಹೇಳಿ, ಬೇರೆಯವರ ಹೆಸರು ಕೊಡುತ್ತೇನೆ ಅನ್ನುತ್ತಾರೆ. ಒಂದು ನೋಟ್‌ಬುಕ್: ಎದೆ ಬಡಿದ ಹೊತ್ತು, ಆಗ ಎಲ್ಲಿದ್ದಿರಿ, ಮನಸ್ಸಿನಲ್ಲಿ ಏನಿತ್ತು, ಬರೆಯಬೇಕು.

ಕೆಳಗಿಳಿದಾಗ ಹಗುರ ಅನ್ನಿಸುವುದಿಲ್ಲ. ಹೊಲದಲ್ಲಿ ದಿನವಿಡೀ ಕಳೆ ತೆಗೆದಷ್ಟು ದಣಿವು. ಮೊದಲ ದಿನ ಬಹಳ ಜನರಿಗೆ ಹೀಗೇ ಆಗುತ್ತದೆ. ಕೆಟ್ಟಿತೆಂದು ತಿಳಿದು ಎರಡನೆಯ ವಾರ ತಪ್ಪಿಸಬೇಡಿ. ಬಸ್ಸಿನಲ್ಲಿ ಕೂತು ಮೊದಲ ಸಾಲು ಬರೆಯುತ್ತೀರಿ. ಸಂಜೆ ಅತ್ತೆ, "ಹಲ್ಲಿಗೆ ಏನಂದ್ರು?" ಎಂದು ಕೇಳುತ್ತಾರೆ. ಇವತ್ತೇ ನಿಜ ಹೇಳಲೇಬೇಕೆಂದಿಲ್ಲ.

ಅರ್ಧ ಕ್ವಿಂಟಲ್ ಗೋವಿನಜೋಳದ ದುಡ್ಡೂ ಇಲ್ಲದವರು ಬಾಗಿಲು ಮುಚ್ಚಿತೆಂದುಕೊಳ್ಳಬೇಡಿ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ರಾತ್ರಿ ಮೂರಕ್ಕೆ ಎಚ್ಚರವಾಗಿ ಮಂಗಳವಾರದವರೆಗೆ ತಡೆಯಲಾಗದು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಸರ್ಕಾರದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ.